ಆಯಿಯ ಸೀರೆಗಳಿಂದ ಕೌದಿ: ಕತ್ತರಿ ಹಾಕುವುದು ಯಾವುದಕ್ಕೆ, ಹಾಗೇ ಇಡುವುದು ಯಾವುದನ್ನು?

ಪ್ರಶ್ನೆ: ನಮ್ಮ ಆಯಿ ಹೋಗಿ ಎರಡು ತಿಂಗಳಾಯಿತು. ಟ್ರಂಕಿನಲ್ಲಿ ಹತ್ತು ಸೀರೆ ಇವೆ. ದಿನಾ ಉಡುತ್ತಿದ್ದ ಎಂಟು ಗಜದ ನೂಲಿನ ಇಳಕಲ್ ಸೀರೆ ಆರು, ಕಡೆಯ ವರ್ಷಗಳಲ್ಲಿ ಉಟ್ಟ ಪಾಲಿಯೆಸ್ಟರ್ ಎರಡು, ರೇಷ್ಮೆಯದು ಒಂದು, ಮದುವೆಯಲ್ಲಿ ಬಂದ, ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಒಂದು. ಜೊತೆಗೆ ಖಣದ ಕುಬಸಗಳು, ಮುತ್ಯಾನ (ಅಜ್ಜನ) ಎರಡು ಧೋತರ, ಆಯಿಯ ಎಲೆ-ಅಡಿಕೆ ಸಂಚಿ. ಆಕೆ ಬೀಸುವ ಪದ ಹಾಡಿದ ಮೂವತ್ತು ವರ್ಷದ ಹಿಂದಿನ ಕ್ಯಾಸೆಟ್ ಒಂದಿದೆ. ಮೊಮ್ಮಕ್ಕಳು ನಾವು ಮೂವರು. ಹಳೆಯ ಬಟ್ಟೆಯ ಪದರು ಸೇರಿಸಿ ಹೊಲಿದ ಹೊದಿಕೆ, ಅಂದರೆ ಕೌದಿ, ತಲೆಗೊಂದು ಆಗಲಿ ಎಂದು ನಮ್ಮ ಆಸೆ. ಅತ್ತೆಯರು ‘ಅವ್ವನ ಸೀರೀಗಿ ಕತ್ರಿ ಹಚ್ಚಬ್ಯಾಡ್ರಿ’ ಅಂತಾರೆ. ವರ್ಷದ ತಿಥಿಯೊಳಗೆ ಮುಗಿಸಬೇಕು. ಹೇಗೆ ಮಾಡುವುದು? — ಓದುಗರು, ಜಮಖಂಡಿ

ಉತ್ತರ:

ನಿಮ್ಮ ಅತ್ತೆಯರ ಮಾತು ಎರಡು ಸೀರೆಗಳ ಮಟ್ಟಿಗೆ ಪೂರ್ತಿ ಸರಿ. ಚಂದ್ರಕಾಳಿ ಮತ್ತು ರೇಷ್ಮೆ ಸೀರೆಗೆ ಕತ್ತರಿ ಹಾಕಬೇಡಿ. ಉಳಿದ ಆರು ನೂಲಿನ ಸೀರೆಗಳನ್ನು ಟ್ರಂಕಿನಲ್ಲಿಟ್ಟರೂ ಮಡಿಕೆಗಳಲ್ಲಿ ಅವು ತಾವೇ ಹರಿಯುತ್ತವೆ. ಅವು ಉಟ್ಟು ಸವೆದ ಬಟ್ಟೆ, ಕೌದಿಗೆ ಬೇಕಾದದ್ದು ಅದೇ. ಹೊಸ ಬಟ್ಟೆಯ ಕೌದಿ ಬಿರುಸಾಗಿರುತ್ತದೆ, ಮೈಗೆ ಒಗ್ಗುವುದಿಲ್ಲ. ಅತ್ತೆಯರನ್ನು ಒಪ್ಪಿಸುವ ಸುಲಭ ದಾರಿಯೆಂದರೆ ಮೊದಲ ದಿನವೇ ಅವರನ್ನು ಕರೆದು ಕೂರಿಸಿ, ಯಾವ ಸೀರೆ ಯಾವಾಗಿನದು, ಯಾರು ಕೊಟ್ಟದ್ದು ಎಂದು ಕೇಳಿ ಬರೆದುಕೊಳ್ಳುವುದು. ಈ ಕೆಲಸ ಹೇಗೂ ಆಗಬೇಕು, ಕತ್ತರಿಸಿದ ಮೇಲೆ ತುಂಡು ನೋಡಿ ಗುರುತು ಹಿಡಿಯುವುದು ಕಷ್ಟ. ಪ್ರತಿ ಸೀರೆಯನ್ನು ಪೂರ್ತಿ ಬಿಚ್ಚಿ ಒಡಲು, ದಡಿ, ಸೆರಗು ಮೂರೂ ಕಾಣುವಂತೆ ಫೋಟೊ ತೆಗೆಯಿರಿ. ಒಂದು ನಂಬರು ಕೊಟ್ಟು ವಹಿಯಲ್ಲಿ ಬರೆಯಿರಿ.

ಮೊದಲು ಲೆಕ್ಕ. ಒಬ್ಬರು ಹೊದೆಯುವ ಕೌದಿ 1.5 ಮೀಟರ್ ಅಗಲ, 2.1 ಮೀಟರ್ ಉದ್ದ ಇದ್ದರೆ ಸಾಕು. ಒಂದು ಪದರಿಗೆ 3.15 ಚದರ ಮೀಟರ್, ನಾಲ್ಕು ಪದರಿಗೆ 12.6. ಅಂಚಿಗೂ ಕೂಡುಗಳಿಗೂ ಹತ್ತರಲ್ಲೊಂದು ಪಾಲು ಸೇರಿಸಿದರೆ ಸುಮಾರು 14. ಮೂರು ಕೌದಿಗೆ 42 ಆಯಿತು. ಎಂಟು ಗಜದ ಸೀರೆ 7.3 ಮೀಟರ್ ಉದ್ದ, 1.2 ಮೀಟರ್ ಪನ್ನ ಎಂದು ಹಿಡಿದರೆ ಒಂದಕ್ಕೆ 8.8 ಚದರ ಮೀಟರ್, ಆರಕ್ಕೆ 52 ದಾಟುತ್ತದೆ. ಸಾಲುತ್ತದೆ ಎಂದು ಹಿಗ್ಗಬೇಡಿ. ದಿನಾ ಉಟ್ಟ ಸೀರೆಯಲ್ಲಿ ಮೂರರಲ್ಲೊಂದು ಪಾಲು ಕೆಲಸಕ್ಕೆ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಉಳಿಯುವುದು 35. ಕಡಿಮೆ ಬೀಳುವ ಏಳೆಂಟು ಚದರ ಮೀಟರಿಗೆ ಮುತ್ಯಾನ ಎರಡು ಧೋತರ ಇವೆಯಲ್ಲ, ಅವು ನಡುವಿನ ಪದರಿಗೆ ಹೇಳಿ ಮಾಡಿಸಿದಂತಿವೆ. ತೆಳು, ಬಿಳಿ, ಬಣ್ಣ ಬಿಡುವ ಭಯವಿಲ್ಲ. ಹೊರಗಿನಿಂದ ಬಟ್ಟೆ ತರುವ ಪ್ರಮೇಯವೇ ಬೀಳುವುದಿಲ್ಲ.

ಯಾವ ಭಾಗ ಗಟ್ಟಿ, ಯಾವುದು ಸವೆದಿದೆ ಎಂಬುದನ್ನು ಕಣ್ಣಿಗಿಂತ ಕೈ ಚೆನ್ನಾಗಿ ಹೇಳುತ್ತದೆ. ಸೀರೆಯನ್ನು ಬೆಳಕಿಗೆ ಹಿಡಿದರೆ ತೆಳುವಾದ ಜಾಗ ಜಾಳಿಗೆಯಂತೆ ಕಾಣುತ್ತದೆ. ಅಲ್ಲಿ ಎರಡು ಇಂಚು ಅಂತರ ಬಿಟ್ಟು ಎರಡೂ ಕೈಯ ಹೆಬ್ಬೆರಳು-ತೋರುಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಎಳೆ ಸರಿದು ಬಿಳಿ ಗೆರೆ ಬಿದ್ದರೆ ಅದು ಒಳಪದರಿಗೆ. ಚರ್ ಎಂದು ಸದ್ದಾದರೆ ಬಿಟ್ಟುಬಿಡಿ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಕಚ್ಚೆ ಹಾಕಿ ಉಡುತ್ತಿದ್ದುದರಿಂದ ಕೂರುವ ಜಾಗ ಮೊದಲು ಸವೆದಿರುತ್ತದೆ, ಕಾಲ ಹರಡಿಗೆ ತಗಲುವ ಕೆಳದಡಿ ಆಮೇಲೆ. ತಲೆಯ ಮೇಲೆ ಬರುವ ಸೆರಗಿನಲ್ಲಿ ಎಣ್ಣೆಯ ಕಲೆ ಖಂಡಿತ. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಬಿಸಿಲನ್ನೇ ಕಂಡಿರುವುದಿಲ್ಲ, ಆ ಒಂದು ಮೀಟರಿನಲ್ಲಿ ಸೀರೆಯ ಅಸಲಿ ಬಣ್ಣ ಸಿಗುತ್ತದೆ. ಮೇಲುಪದರಿಗೆ ಅದನ್ನು ಎತ್ತಿಡಿ.

ಇಳಕಲ್ ಸೀರೆಯ ವಿಷಯದಲ್ಲಿ ಒಂದು ಎಚ್ಚರ. ಇದರ ಒಡಲಿನ ಹಾಸು (ಉದ್ದದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ ಸಿಕ್ಕಿಸಿ ನೇಯುತ್ತಾರೆ, ಅದನ್ನು ಕೊಂಡಿ ಎನ್ನುತ್ತಾರೆ. ಸೆರಗಿನ ಕೆಂಪು ಶುರುವಾಗುವ ಕಡೆ ಬೆರಳಾಡಿಸಿದರೆ ಸಣ್ಣ ಏಣು ಸಿಗುತ್ತದಲ್ಲ, ಅದೇ. ಆ ಗೆರೆಗೆ ಹತ್ತಿ ಕತ್ತರಿಸಿದರೆ ಕುಣಿಕೆಗಳು ಒಂದೊಂದಾಗಿ ಕಳಚುತ್ತವೆ, ಸೆರಗು ಕೈಯಲ್ಲೇ ಬಿಡಿಸಿಕೊಳ್ಳುತ್ತದೆ. ಒಡಲಿನ ಕಡೆ ನಾಲ್ಕು ಬೆರಳು ಬಿಟ್ಟು, ಎರಡು ಸಾಲು ಹೊಲಿಗೆ ಹಾಕಿ, ಆಮೇಲೆ ಕತ್ತರಿಸಿ. ಕೆಂಪಿನ ನಡುವೆ ಬಿಳಿ ತೆನೆಗಳಿರುವ ಆ ತೋಪು ತೆನೆಯ ಪಟ್ಟಿಯನ್ನು ತುಂಡು ಮಾಡದೆ ಇಡಿಯಾಗಿ ಕೌದಿಯ ನಡುವಿಗೆ ತಂದರೆ, ದೂರದಿಂದ ನೋಡಿದವರಿಗೂ ಇದು ಆಯಿಯ ಸೀರೆ ಎಂದು ತಿಳಿಯುತ್ತದೆ. ನಾವಾದರೆ ಹೀಗೇ ಮಾಡುತ್ತೇವೆ. ಚೌಕ ಚೌಕ ಕತ್ತರಿಸಿ ಚದುರಂಗದ ಮಣೆಯಂತೆ ಜೋಡಿಸುವುದು ಈಗ ಅಂಗಡಿಗಳಲ್ಲಿ ಚಾಲ್ತಿಯಲ್ಲಿದೆ. ಅದರಲ್ಲಿ ಸೀರೆಯ ಮುಖವೇ ಕಳೆದುಹೋಗುತ್ತದೆ.

ದಡಿಗಳನ್ನು ಬೇರೆ ಮಾಡಿ ಇಟ್ಟುಕೊಳ್ಳಿ. ದಡಿಯ ನೇಯ್ಗೆ ಒತ್ತು, ನಾಲ್ಕು ಪದರಿನ ನಡುವೆ ಬಂದರೆ ಸೂಜಿ ನುಗ್ಗುವುದಿಲ್ಲ. ಆದರೆ ಕೌದಿಯಲ್ಲಿ ಮೊದಲು ಹರಿಯುವುದು ಅಂಚು, ಆ ಅಂಚಿಗೆ ದಡಿಗಿಂತ ಗಟ್ಟಿ ಪಟ್ಟಿ ಸಿಗದು. ಕುಬಸಗಳ ಹೊಲಿಗೆ ಬಿಚ್ಚಿ, ಬೆವರಿಗೆ ಕೊಳೆತ ಕಂಕುಳ ಭಾಗ ತೆಗೆದುಹಾಕಿ. ಬೆನ್ನಿನ ಖಣ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ನಾಲ್ಕು ಮೂಲೆಗೆ ತ್ರಿಕೋನದ ತೇಪೆಯಾಗಿ ಒಪ್ಪುತ್ತದೆ.

ಕತ್ತರಿಸುವ ಮುಂಚೆ ಒಗೆಯಬೇಕು, ಒಗೆಯುವ ಮುಂಚೆ ಬಣ್ಣ ನೋಡಬೇಕು. ಬಿಳಿ ಅರಿವೆ ನೆನೆಸಿ ಹಿಂಡಿ, ಸೆರಗಿನ ಒಳಮೈಗೆ ಐದು ನಿಮಿಷ ಒತ್ತಿ ಹಿಡಿಯಿರಿ. ಕೆಂಪು ಅಂಟಿದರೆ ಆ ಸೆರಗನ್ನು ಬೇರೆಯಾಗಿ ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಜಾಲಿಸಿ. ನೆನೆಹಾಕಿ ಬಿಡಬೇಡಿ, ಬಿಟ್ಟ ಬಣ್ಣ ಬಿಳಿ ತೆನೆಗೆ ಹತ್ತಿ ಗುಲಾಬಿಯಾಗುತ್ತದೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಬಣ್ಣ ಹಾಕುವಾಗ ಉಪ್ಪಿನಿಂದ ಉಪಯೋಗ ಉಂಟು, ಬಣ್ಣ ಬಿಡುತ್ತಿರುವ ಹಳೆಯ ಸೀರೆಯನ್ನು ಅದು ತಡೆಯುವುದಿಲ್ಲ. ಐದಾರು ಸಲ ಜಾಲಿಸಿದರೂ ಬಿಡುತ್ತಿದ್ದರೆ ಆ ಸೆರಗನ್ನು ಕೌದಿಗೆ ಹಾಕದೆ ಬೇರೆ ಇಡಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನಿನ ಬಿಳಿ ಪುಡಿ ಎಳೆಗಳಲ್ಲಿ ಕೂತುಬಿಡುತ್ತದೆ, ಬಟ್ಟೆ ಬಿರುಸಾಗುತ್ತದೆ. ಸೌಮ್ಯ ದ್ರವ ಡಿಟರ್ಜೆಂಟ್ ಬಳಸಿ, ಕೊನೆಯ ಎರಡು ಜಾಲಿಗಾದರೂ ಮಳೆನೀರು ಅಥವಾ ನದಿನೀರಿನ ನಳದ ನೀರು ಹಿಡಿದಿಟ್ಟುಕೊಳ್ಳಿ.

ಒಗೆದರೆ ಆಯಿಯ ವಾಸನೆ ಹೋಗುತ್ತದೆ ಎಂಬ ಸಂಕಟ ಇದ್ದೇ ಇರುತ್ತದೆ. ಎಲ್ಲವನ್ನೂ ಒಗೆಯದೆ ಇಡುವುದು ದಾರಿಯಲ್ಲ. ಬೆವರು, ಎಣ್ಣೆ ಇದ್ದ ಕಡೆಯೇ ಹುಳ ಮೊದಲು ಕಡಿಯುವುದು, ಆ ಕಲೆ ಹಳದಿಗಟ್ಟಿ ಬಟ್ಟೆಯನ್ನು ತಿನ್ನುತ್ತದೆ. ಎಲೆ-ಅಡಿಕೆ ಸಂಚಿಯೊಂದನ್ನು ಮಾತ್ರ ಒಗೆಯಬೇಡಿ. ಸುಣ್ಣದ ಡಬ್ಬಿ, ಉಳಿದ ಎಲೆ-ಅಡಿಕೆ ತೆಗೆದು, ನೆರಳಲ್ಲಿ ಒಂದು ದಿನ ಆರಿಸಿ, ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ಹಾಕಿ ಕತ್ತಲೆ ಜಾಗದಲ್ಲಿಡಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಅದಕ್ಕೆ ತನ್ನದೇ ವಾಸನೆ ಇರುತ್ತದೆ. ಪ್ರತಿ ಸಲ ತೆರೆದಾಗ ಸ್ವಲ್ಪ ಸ್ವಲ್ಪ ಹೊರಟುಹೋಗುತ್ತದೆ, ಆದ್ದರಿಂದ ಮನಸ್ಸಾದಾಗಲೆಲ್ಲ ತೆರೆಯುವ ಭರಣಿ ಇದಲ್ಲ.

ಇನ್ನು ಹೊಲಿಗೆ. ನೆಲ ಒರೆಸಿ ಜಮಖಾನೆ ಹಾಸಿ. ಮೊದಲು ಅಸ್ತರ, ಎಲ್ಲ ಬದಿಗೂ ಎರಡು ಇಂಚು ಹೆಚ್ಚಿಗೆ ಇರಲಿ. ಮೇಲೆ ಧೋತರ ಮತ್ತು ಸವೆದ ಒಡಲಿನ ಎರಡು ಪದರು, ಎಲ್ಲಕ್ಕೂ ಮೇಲೆ ಚೆಂದದ ಪದರು. ಎಲ್ಲ ಪದರಿನ ಉದ್ದದೆಳೆ ಒಂದೇ ದಿಕ್ಕಿಗಿರಬೇಕು. ಉದ್ದದ ಹಾಸಿನೆಳೆಯೂ ಅಡ್ಡದ ಹೊಕ್ಕಿನೆಳೆಯೂ ಒಂದೇ ಸಮ ಕುಗ್ಗುವುದಿಲ್ಲ. ಒಂದು ಪದರು ಉದ್ದಕ್ಕೆ, ಮತ್ತೊಂದು ಅಡ್ಡಕ್ಕೆ ಇದ್ದರೆ ಮೊದಲ ಒಗೆತಕ್ಕೇ ಕೌದಿ ಮುದುರಿ ಸೊಟ್ಟಗಾಗುತ್ತದೆ. ಸೀರೆಯ ಪನ್ನ ಸಾಲದೆ ಪ್ರತಿ ಪದರಿನಲ್ಲೂ ಒಂದು ಕೂಡು ಬಂದೇ ಬರುತ್ತದೆ. ಆ ಕೂಡುಗಳು ಒಂದರ ಮೇಲೊಂದು ಬರದಂತೆ ಒಂದು ಗೇಣು ಆಚೀಚೆ ಸರಿಸಿ, ಇಲ್ಲದಿದ್ದರೆ ಮಲಗಿದವರ ಬೆನ್ನಿಗೆ ಹಗ್ಗದಂತೆ ಒತ್ತುತ್ತದೆ. ಪ್ರತಿ ಪದರನ್ನು ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಮೂಲೆಗಳಿಗೆ ಭಾರ ಇಡಿ.

ಸಾಮಾನ್ಯವಾಗಿ ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕೌದಿ ಹೊಲಿದು ಕೈ ಪಳಗಿದವರು ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಗೆ ಬರುತ್ತಾರೆ, ಬಟ್ಟೆ ಎಲ್ಲಿ ಸಡಿಲಾಯಿತೆಂದು ಅವರ ಎಡಗೈಗೆ ಗೊತ್ತಾಗುತ್ತದೆ. ಹೊಸಬರು ಅದನ್ನೇ ನೋಡಿ ಮಾಡಿದರೆ ಸಡಿಲು ಬಟ್ಟೆಯೆಲ್ಲ ನಡುವಿಗೆ ತಳ್ಳಿಕೊಂಡು ಬಂದು, ಕೊನೆಗೆ ಕೌದಿಗೆ ಹೊಟ್ಟೆ ಬರುತ್ತದೆ. ಅದನ್ನು ಆಮೇಲೆ ಸರಿಪಡಿಸಲಾಗದು. ನೀವು ಮೊದಲು ನಡುವಿನಿಂದ ಹೊರಕ್ಕೆ, ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಅದಾದ ಮೇಲೆ ಎಲ್ಲಿಂದ ಹೊಲಿದರೂ ನಡೆಯುತ್ತದೆ. ಪಕ್ಕಾ ಹೊಲಿಗೆಯ ಸಾಲುಗಳ ನಡುವೆ ಒಂದು ಇಂಚು, ಟಾಕು ಅರ್ಧ ಸೆಂಟಿಮೀಟರಿನಷ್ಟು, ಎರಡು ಟಾಕಿನ ನಡುವೆಯೂ ಅಷ್ಟೇ. 2.1 ಮೀಟರಿಗೆ ಇಂಚಿಗೊಂದು ಸಾಲೆಂದರೆ 80ಕ್ಕೂ ಹೆಚ್ಚು ಸಾಲು, ಒಟ್ಟು ಸುಮಾರು 125 ಮೀಟರ್ ಹೊಲಿಗೆ, ಹನ್ನೆರಡು ಸಾವಿರದಷ್ಟು ಟಾಕು. ಜೋಡಿ ಎಳೆಯಲ್ಲಿ ಹೊಲಿದರೆ ಕೌದಿಗೆ 300 ಮೀಟರ್ ಮೇಲೆ ದಾರ ಬೇಕು. ದಿನಕ್ಕೆ ಎರಡು ತಾಸು ಇಬ್ಬರು ಎದುರುಬದುರು ಕೂತರೂ ಒಂದು ಕೌದಿಗೆ ಹತ್ತು ಹದಿನೈದು ದಿನ ಇಟ್ಟುಕೊಳ್ಳಿ.

ದಾರ ನೂಲಿನದೇ ಇರಲಿ. ಪಾಲಿಯೆಸ್ಟರ್ ದಾರ ಗಟ್ಟಿಯೆಂದು ಅಂಗಡಿಯವರು ಕೊಡುತ್ತಾರೆ, ಆ ಗಟ್ಟಿತನವೇ ತೊಂದರೆ. ಎಳೆದಾಡಿದಾಗ ದಾರ ಕಡಿಯದೆ ಹಳೆಯ ಬಟ್ಟೆಯನ್ನೇ ಕೊಯ್ಯುತ್ತದೆ. ನೂಲಿನ ದಾರ ಕಡಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಹೋಯಿತು. ಉದ್ದನೆಯ, ಕಣ್ಣು ದೊಡ್ಡದಿರುವ ಸೂಜಿ ಸಾಕು. ದಬ್ಬಣ ಎಳೆ ಸರಿಸುವುದಿಲ್ಲ, ಕಡಿಯುತ್ತದೆ. ಟೇಲರ್ ಮಶಿನ್ನಿನಲ್ಲಿ ಒಂದೇ ದಿನದಲ್ಲಿ ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ; ಮಶಿನ್ನಿನ ಒತ್ತು ಹೊಲಿಗೆ ಅಂಚೆ ಚೀಟಿಯ ತೂತಿನ ಸಾಲಿನಂತೆ, ಸವೆದ ಬಟ್ಟೆ ಆ ಸಾಲಿನಲ್ಲೇ ಹರಿಯುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಟಾಕು 4 ಮಿಲಿಮೀಟರ್, ಸಾಲಿನ ಅಂತರ ಎರಡು ಇಂಚು ಎಂದು ಹೇಳಿ ಹೊಲಿಸಿ. ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಕೊಡುವುದಾದರೆ ಎಷ್ಟು ಪದರು, ಸಾಲಿನ ಅಂತರ ಎಷ್ಟು, ಯಾವ ಬಟ್ಟೆ ಮೇಲೆ ಎಂಬ ಮೂರು ಮಾತು ಮೊದಲೇ ಆಗಲಿ. ಸೀರೆ ಇಡಿಯಾಗಿ ಕೊಡದೆ ನೀವೇ ಕತ್ತರಿಸಿ, ನಂಬರಿನ ಚೀಟಿ ಹೊಲಿದು ಕೊಡಿ.

ಚಂದ್ರಕಾಳಿಯನ್ನು ಒಗೆಯುವುದೂ ಬೇಡ. ಕಸೂತಿಯಲ್ಲಿ ಗಂಟು ಇರುವುದಿಲ್ಲ. ಕಸೂತಿಯ ಒಂದು ಬಗೆಯಾದ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಸಮ ಕಾಣುವುದು ಅದರಿಂದಲೇ. ದಾರದ ತುದಿಗಳು ಹೊಲಿಗೆಯ ಕೆಳಗೆ ಬರೀ ಸಿಕ್ಕಿಕೊಂಡು ನಿಂತಿರುತ್ತವೆ, ತಿಕ್ಕಿದರೆ ಹೊರಬರುತ್ತವೆ. ಮೇಲಾಗಿ ಹಳೆಯ ಕಪ್ಪು ರೇಷ್ಮೆ ಬೇರೆ ಬಣ್ಣಕ್ಕಿಂತ ಬೇಗ ಪುಡಿಯಾಗುವುದುಂಟು. ಮಡಚಿಟ್ಟರೆ ಹರಿಯುವುದು ಮಡಿಕೆಯಲ್ಲೇ. ನಾಲ್ಕು ಇಂಚಿನ ಪೈಪಿಗೆ ಒಗೆದ ಬಿಳಿ ಮಲ್ಲಿನ ಬಟ್ಟೆ ಸುತ್ತಿ, ಅದರ ಮೇಲೆ ಸೀರೆಯನ್ನು ಕಸೂತಿ ಹೊರಮೈಗೆ ಬರುವಂತೆ ಸುರುಳಿ ಸುತ್ತಿ, ಮತ್ತೆ ಬಿಳಿ ಬಟ್ಟೆ ಹೊದಿಸಿ. ರೇಷ್ಮೆ ಸೀರೆಗೆ ಅಷ್ಟು ಬೇಡ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿದರೆ ಸಾಕು. ನುಸಿಗುಳಿಗೆಯೂ ಬೇವಿನ ಎಲೆಯೂ ಬಟ್ಟೆಗೆ ತಾಗಬಾರದು, ಅರಿವೆಯ ಗಂಟಿನಲ್ಲಿ ಕಟ್ಟಿ ಟ್ರಂಕಿನ ಮೂಲೆಗಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಮಳೆಗಾಲದಲ್ಲಿ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ.

ಸೀರೆಗಳು ಇನ್ನೂ ಆರು ತಿಂಗಳು ಕಾಯುತ್ತವೆ, ಕ್ಯಾಸೆಟ್ ಕಾಯುವುದಿಲ್ಲ. ನಿಜಕ್ಕೂ ಮೊದಲು ಆಗಬೇಕಾದ ಕೆಲಸ ಅದು. ಸಿಕ್ಕ ಟೇಪ್ ರೆಕಾರ್ಡರಿಗೆ ಹಾಕಿ ‘ಕೇಳಿಸುತ್ತಾ ನೋಡೋಣ’ ಎನ್ನಬೇಡಿ, ರಬ್ಬರು ಕರಗಿದ ಹಳೆಯ ಯಂತ್ರ ಟೇಪನ್ನು ನುಂಗಿಬಿಡುತ್ತದೆ. ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ, ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ. ಕಿಟಕಿಯಲ್ಲಿ ನೋಡಿ, ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಇದ್ದರೆ ಅದು ಬೂಷ್ಟು, ಹಾಡಿಸದೆ ತಿಳಿದವರಿಗೆ ಕೊಡಿ. ಟೇಪಿನ ಹಿಂದೆ ತಾಮ್ರದ ಪಟ್ಟಿಯ ಮೇಲಿರುವ ಸಣ್ಣ ಮೆತ್ತೆ ಬಿದ್ದುಹೋಗಿದ್ದರೆ ಸದ್ದು ಮಂಕಾಗುತ್ತದೆ. ಟೇಪು ಹಾಳಾಗಿದೆ ಎಂದು ಜನ ಎಸೆಯುವುದು ಇಂಥವನ್ನೇ. ಸುರುಳಿಯನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿದರೆ ಸರಿಹೋಗುತ್ತದೆ.

ಯಂತ್ರದ ಹೆಡ್ಡನ್ನೂ ಉರುಳೆಯನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ತನ್ನಿ. ಇಷ್ಟು ವರ್ಷ ಬಿಗಿಯಾಗಿ ಕೂತ ಸುರುಳಿ ಸಡಿಲವಾಗುತ್ತದೆ. ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ತಂತಿ ಹಾಕಿ, ಮೈಕ್ ತೂತಿಗಲ್ಲ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು, ಅತಿ ಜೋರಾದ ದನಿಯೂ −6 ಡೆಸಿಬೆಲ್ ದಾಟದಂತೆ ನೋಡಿಕೊಂಡು ವೇವ್ ಕಡತವಾಗಿ ಉಳಿಸಿ. 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು ಒಂದು ಜಿಬಿ ಆಗುತ್ತದೆ. ದನಿ ಮಬ್ಬಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ‘ಸ’ಕಾರ ಚುರುಕಾಗಿ ಕೇಳುವ ಕಡೆ ನಿಲ್ಲಿಸಿ. ಮೂಲ ಕಡತದಲ್ಲಿ ಗದ್ದಲ ತೆಗೆಯುವ ಸೌಲಭ್ಯ ಬಳಸಬೇಡಿ, ಬೀಸುಕಲ್ಲಿನ ಸದ್ದನ್ನೂ ಅದು ಗದ್ದಲವೆಂದೇ ಒರೆಸಿಹಾಕುತ್ತದೆ. ಹಾಡಿನ ತಾಳವೇ ಆ ಕಲ್ಲಿನದು.

ಪದಗಳನ್ನು ಬರೆದಿಡುವಾಗ ಆಯಿ ಹಾಡಿದ ಹಾಗೇ ಬರೆಯಿರಿ. ‘ಬಂದಾಳ’ ಇದ್ದುದನ್ನು ‘ಬಂದಳು’ ಮಾಡಿದರೆ ಮೂರು ಸಾಲಿನ ತ್ರಿಪದಿಯ ನಡೆ ಮುರಿಯುತ್ತದೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡಾಗ ಉಳಿಸಿಕೊಂಡದ್ದು ಈ ನುಡಿಯನ್ನೇ. ಕೇಳದ ಮಾತಿನ ಜಾಗ ಊಹಿಸಿ ತುಂಬಬೇಡಿ, ಖಾಲಿ ಬಿಟ್ಟು ಅತ್ತೆಯರಿಗೆ ಕೇಳಿಸಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಒಬ್ಬಳಿಗೆ ಅರ್ಧ ನೆನಪಾದರೆ ಇನ್ನೊಬ್ಬಳು ಉಳಿದರ್ಧ ಹಾಡುತ್ತಾಳೆ, ಕ್ಯಾಸೆಟ್ಟಿನಲ್ಲಿ ಇಲ್ಲದ ಪದಗಳೂ ಹೊರಬರುತ್ತವೆ. ಪಕ್ಕದಲ್ಲಿ ಫೋನಿನ ರೆಕಾರ್ಡರ್ ಹಚ್ಚಿಟ್ಟಿರಿ. ಅದನ್ನೆಲ್ಲ ವಾಟ್ಸಾಪಿಗೆ ಹಾಕಿದರೆ ಸಾಕೆಂದುಕೊಳ್ಳಬೇಡಿ. ಮೂರು ಪ್ರತಿ ಮಾಡಿ, ಅದರಲ್ಲೊಂದು ಬೇರೆ ಊರಿನ ಮನೆಯಲ್ಲಿರಲಿ.

ಗೋಡೆಗೆ ಹಾಕುವ ಫೋಟೊದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಹಳೆಯ ಫೋಟೊ ಚೌಕಟ್ಟಿನ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಮುಖ ಗಾಜಿನ ಮೇಲೇ ಉಳಿಯುತ್ತದೆ. ಗಾಜಿನ ಸಮೇತ 600 ಡಿಪಿಐ ಸ್ಕ್ಯಾನ್ ಮಾಡಿಸಿ, ಆ ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಟ್ರಂಕಿಗೆ. ಕುಂಕುಮ, ವಿಭೂತಿ ಹಚ್ಚುವುದು ಗಾಜಿಗೆ ಮಾತ್ರ. ತೇವದ ಗಂಧ ಅಂಚಿನಿಂದ ಒಳಗಿಳಿದರೆ ಕಲೆ ಹೋಗುವುದಿಲ್ಲ. ಚೌಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಬಾಟಲಿ ಬಿರಡೆಯ ಚೂರು ಅಂಟಿಸಿದರೆ ಗೋಡೆಯ ತೇವ ತಗಲದು.

ಕೌದಿ ಮುಗಿದ ಮೇಲೆ ಒಂದು ಮೂಲೆಯ ಹಿಂಬದಿಗೆ ಬಿಳಿ ಧೋತರದ ತುಂಡು ಹೊಲಿದು, ಅದರ ಮೇಲೆ ಆಯಿಯ ಹೆಸರು, ಹೊಲಿದವರ ಹೆಸರು, ವರ್ಷವನ್ನು ದಾರದಲ್ಲೇ ಬರೆಯಿರಿ. ಪೆನ್ನಿನ ಮಸಿ ಹತ್ತು ಒಗೆತಕ್ಕೆ ಮಾಯ. ವರ್ಷಕ್ಕೆ ಎರಡು ಮೂರು ಸಲ ಒಗೆದರೆ ಸಾಕು, ಹಿಂಡದೆ ಒತ್ತಿ ನೀರು ಇಳಿಸಿ, ಜೋಡಿ ಹಗ್ಗದ ಮೇಲೆ ಅಗಲವಾಗಿ ಹರವಿ, ಸೆರಗಿನ ಬದಿ ಕೆಳಗೆ ಮಾಡಿ ಒಣಗಿಸಿ. ಕಪಾಟಿನಲ್ಲಿ ಕಟ್ಟಿಡುವುದಕ್ಕಿಂತ ಹೊದೆಯುವುದೇ ಒಳ್ಳೆಯದು. ಗಾಳಿ ಬೆಳಕು ಆಡುವ ಬಟ್ಟೆಗೆ ಹುಳ ಹತ್ತುವುದು ಕಡಿಮೆ.

ಉಳಿದದ್ದು ಎರಡು ಪಾಲಿಯೆಸ್ಟರ್ ಸೀರೆ. ನೂಲು ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಹಾಗಾಗಿ ಕೌದಿಯ ಯಾವ ಪದರಿಗೂ ಬೇಡ. ಬಜಾರಕ್ಕೆ ಒಯ್ಯುವ ಕೈಚೀಲ ಹೊಲಿಸಿ. 40ಕ್ಕೆ 45 ಸೆಂಟಿಮೀಟರಿನ ಚೀಲ ಒಂದು ಸೀರೆಗೆ ಹನ್ನೆರಡು ಬರುತ್ತವೆ. ತಿಥಿಗೆ ಬಂದ ಹೆಣ್ಣುಮಕ್ಕಳಿಗೆ ಹೋಗುವಾಗ ಕೊಡಬಹುದು. ಇದಕ್ಕೆ ಮಶಿನ್ನಿನ ಹೊಲಿಗೆ ನಡೆಯುತ್ತದೆ.